ವೇಗದಾಖಲೆಯ ಕಾರಿನ ಫೈರ್‌ವಾಲ್ ಸೋರುತ್ತಿದೆಯೇ? ಲಕ್ಷಣ ಹಿಡಿದು ಸಂದು ಹುಡುಕುವ ಬಗೆ

ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ 1949ರಲ್ಲಿ ಆರಂಭವಾದ, ವೇಗದಾಖಲೆಯ ಓಟಗಳ ಸ್ಪೀಡ್ ವೀಕ್‌ಗೆ, ಕ್ಯಾಲಿಫೋರ್ನಿಯಾದ ಎಲ್ ಮಿರಾಜ್ ಒಣಕೆರೆಗೆ, ದಕ್ಷಿಣ ಆಸ್ಟ್ರೇಲಿಯಾದ ಗೇರ್ಡ್‌ನರ್ ಉಪ್ಪುಕೆರೆಗೆ ಬರುವ ಕಾರುಗಳಲ್ಲಿ ಬಹಳಷ್ಟು ಮನೆಯ ಗ್ಯಾರೇಜಿನಲ್ಲೇ ಕಟ್ಟಿದವು. ಎಂಜಿನ್ನಿಗೆ ವರ್ಷಗಟ್ಟಲೆ ದುಡಿಯುವ ಕೈಗಳು ಎಂಜಿನ್ನಿಗೂ ಚಾಲಕನಿಗೂ ನಡುವೆ ನಿಲ್ಲುವ ತಗಡಿನ ಗೋಡೆಗೆ, ಅಂದರೆ ಫೈರ್‌ವಾಲ್‌ಗೆ, ಸಾಮಾನ್ಯವಾಗಿ ಕೊನೆಯ ವಾರದ ಒಂದು ಸಂಜೆಯನ್ನಷ್ಟೇ ಮೀಸಲಿಡುತ್ತವೆ. ತಾಂತ್ರಿಕ ತಪಾಸಣೆಯ ದಿನ ಪರೀಕ್ಷಕರ ಟಾರ್ಚ್ ಮೊದಲು ಹೋಗುವ ಜಾಗಗಳಲ್ಲಿ ಅದೂ ಒಂದು.

ಗ್ಯಾರೇಜಿನಲ್ಲಿ ಒಂದಿಷ್ಟೂ ಸೋರದ ಫೈರ್‌ವಾಲ್ ಬಯಲಿನಲ್ಲಿ ಸೋರುವುದು ಏಕೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಹುಡುಕಾಟ ಸುಲಭವಾಗುತ್ತದೆ. ನಿಂತ ಕಾರಿನಲ್ಲಿ ಗೋಡೆಯ ಎರಡೂ ಬದಿಯ ಗಾಳಿಯ ಒತ್ತಡ ಒಂದೇ ಆಗಿರುವುದರಿಂದ ಸಂದು ಇದ್ದರೂ ಅದರ ಮೂಲಕ ಹೆಚ್ಚೇನೂ ಹರಿಯುವುದಿಲ್ಲ. ಓಡುವ ಕಾರಿನಲ್ಲಿ ರೇಡಿಯೇಟರ್ ಬಾಯಿಂದ ನುಗ್ಗಿದ ಗಾಳಿ ಎಂಜಿನ್ ಗೂಡಿನಲ್ಲಿ ಒತ್ತಡ ಕಟ್ಟುತ್ತದೆ. ಕಿಟಕಿಯ ಅಂಚು ಮತ್ತು ತೆರೆದ ಮೇಲ್ಭಾಗದ ಮೇಲೆ ಹಾಯುವ ಗಾಳಿ ಚಾಲಕನ ಕೋಣೆಯ ಒತ್ತಡವನ್ನು ತಗ್ಗಿಸುತ್ತದೆ. ಬಾನ್‌ವಿಲ್ ಸಮುದ್ರಮಟ್ಟದಿಂದ ಸುಮಾರು 1,285 ಮೀಟರ್ ಎತ್ತರದಲ್ಲಿದ್ದು ಅಲ್ಲಿಯ ಬೇಸಿಗೆಯ ಗಾಳಿ ತೆಳುವಾಗಿದ್ದರೂ, ಗಂಟೆಗೆ 200 ಮೈಲಿ, ಅಂದರೆ 322 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 4 ಕಿಲೋಪಾಸ್ಕಲ್‌ಗೆ ಮುಟ್ಟುತ್ತದೆ. ಅದರ ಕಾಲುಭಾಗ, 1 ಕಿಲೋಪಾಸ್ಕಲ್‌ನಷ್ಟು ವ್ಯತ್ಯಾಸ ಮಾತ್ರ ಗೋಡೆಯ ಎರಡು ಬದಿಗಳ ನಡುವೆ ಉಂಟಾಯಿತು ಎಂದುಕೊಂಡರೂ, 1 ಮಿಲಿಮೀಟರ್ ಅಗಲದ, 10 ಸೆಂಟಿಮೀಟರ್ ಉದ್ದದ ಒಂದು ಸೀಳಿನಿಂದ ಸೆಕೆಂಡಿಗೆ ಹತ್ತಿರಹತ್ತಿರ ಎರಡೂವರೆ ಲೀಟರ್ ಗಾಳಿ ಒಳಗೆ ಬರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದುದರಿಂದ 100 ಮೈಲಿಯ ಪರೀಕ್ಷಾ ಓಟದಲ್ಲಿ ಏನೂ ಕಾಣಲಿಲ್ಲ ಎಂಬುದು 200 ಮೈಲಿಗೆ ಸಾಕ್ಷಿಯಾಗಲಾರದು.

ಆ ಗಾಳಿಯ ಜಾಗದಲ್ಲಿ ಪೆಟ್ರೋಲಿನ ಜ್ವಾಲೆಯನ್ನು ಇಟ್ಟು ನೋಡಿ. ಬೆಂಕಿ ತಡೆಯುವ ಉಡುಪುಗಳಲ್ಲಿ, ರೇಸಿಂಗ್ ಸಲಕರಣೆಗಳ ಮಾನದಂಡ ಗೊತ್ತುಮಾಡುವ ಅಮೆರಿಕದ ಸಂಸ್ಥೆ ಎಸ್‌ಎಫ್‌ಐನ 3.2ಎ/5 ದರ್ಜೆಯ ಸೂಟು ಎರಡನೆಯ ಹಂತದ ಸುಟ್ಟಗಾಯವನ್ನು ಸುಮಾರು 10 ಸೆಕೆಂಡು ಮುಂದೂಡುತ್ತದೆ, 3.2ಎ/20 ದರ್ಜೆಯದು ಸುಮಾರು 40 ಸೆಕೆಂಡು. 200 ಮೈಲಿ ವೇಗದಿಂದ ಕಾರು ನಿಂತು, ಬೆಲ್ಟು ಬಿಚ್ಚಿ, ಚಾಲಕ ಹೊರಗೆ ಬರುವಷ್ಟು ಹೊತ್ತನ್ನು ಸೂಟೊಂದೇ ಕೊಡಲಾರದು. ಉಳಿದ ಸೆಕೆಂಡುಗಳನ್ನು ಫೈರ್‌ವಾಲ್ ಕೊಡಬೇಕು.

ಕೈ ಹಾಕುವ ಮುನ್ನ

ಎಂಜಿನ್ ಪೂರ್ತಿ ತಣಿದಿರಲಿ, ಬ್ಯಾಟರಿಯ ಋಣ ತಂತಿ ಕಳಚಿರಲಿ, ಇಂಧನದ ಟ್ಯಾಂಕು ಖಾಲಿಯಾಗಿ ಗ್ಯಾರೇಜಿನ ಬಾಗಿಲು ತೆರೆದಿರಲಿ. ಕಾರಿನಲ್ಲಿ ಅಳವಡಿಸಿರುವ ಬೆಂಕಿ ನಂದಿಸುವ ಸಿಲಿಂಡರಿನ ಸುರಕ್ಷಾ ಪಿನ್ನನ್ನು ಹಾಕಿಯೇ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಬೇಕು. ಇಕ್ಕಟ್ಟಿನಲ್ಲಿ ಮೊಣಕೈ ತಗುಲಿ ಸಿಲಿಂಡರ್ ಸಿಡಿದರೆ ಖರ್ಚು ಒಂದು ಕಡೆ, ಉಸಿರು ಕಟ್ಟುವುದು ಇನ್ನೊಂದು ಕಡೆ. ಮೆಥನಾಲ್ ಬಳಸುವ ಕಾರಾದರೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ.

ಹಳೆಯ ಶಾಖರೋಧಕ ಹೊದಿಕೆಯನ್ನು ಕೀಳಬೇಕಾದಲ್ಲಿ ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಲದು. ಸೆರಾಮಿಕ್ ನಾರಿನ ಪುಡಿ ಶ್ವಾಸಕೋಶಕ್ಕೆ ಕೆಡುಕು ಮಾಡುತ್ತದೆ. ಕಣಗಳನ್ನು ಸೋಸುವ ಸರಿಯಾದ ಮಾಸ್ಕ್ ಬೇಕು. ಹಳೆಯ ಕಾಲದ ಕಾರಿನ ದೇಹದ ಮೇಲೆ ಕಟ್ಟಿದ್ದಾದರೆ ಆ ಹೊದಿಕೆ ಕಲ್ನಾರೂ ಆಗಿರಬಹುದು. ಸಂಶಯವಿದ್ದರೆ ಅದನ್ನು ಕೆರೆಯದೆ ಪರೀಕ್ಷೆಗೆ ಕಳುಹಿಸುವುದೇ ಸರಿ.

ಲಕ್ಷಣ: ಕತ್ತಲಲ್ಲಿ ಟಾರ್ಚ್ ಹಿಡಿದರೆ ಬೆಳಕು ಇಣುಕುತ್ತದೆ

ಇದು ಖರ್ಚಿಲ್ಲದ ಮೊದಲ ಪರೀಕ್ಷೆ. ರಾತ್ರಿ ಗ್ಯಾರೇಜಿನ ದೀಪ ಆರಿಸಿ, ಒಬ್ಬರು ಎಂಜಿನ್ ಬದಿಯಲ್ಲಿ ಪ್ರಖರವಾದ ಟಾರ್ಚನ್ನು ಗೋಡೆಯ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸಬೇಕು. ಇನ್ನೊಬ್ಬರು ಚಾಲಕನ ಆಸನದಲ್ಲಿ ಕುಳಿತು, ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷ ಕೊಟ್ಟು, ಕಂಡ ಪ್ರತಿ ಬೆಳಕಿನ ಚುಕ್ಕಿಗೂ ಸೀಮೆಸುಣ್ಣದ ಗುರುತು ಹಾಕಬೇಕು. ನಂತರ ಇಬ್ಬರೂ ಜಾಗ ಬದಲಿಸಿಕೊಂಡು ಇನ್ನೊಮ್ಮೆ ನೋಡಬೇಕು. ಬದಲಿಸಿದಾಗ ಹೊಸದೊಂದು ಚುಕ್ಕಿ ಸಿಗದೇ ಇದ್ದದ್ದನ್ನು ನಾನು ಕಂಡಿಲ್ಲ.

ಚುಕ್ಕಿಗಳು ಎಲ್ಲಿ ಸಿಗುತ್ತವೆ ಎಂಬುದರಲ್ಲಿ ಒಂದು ಕ್ರಮವಿದೆ. ಮೂಲ ಕಾರಿನಿಂದ ಉಳಿದ ಅನಾಥ ತೂತುಗಳು ಮೊದಲು ಕಾಣುತ್ತವೆ: ಹೀಟರಿನ ಕೊಳವೆ, ಹಳೆಯ ಕ್ಲಚ್ ಕೇಬಲ್, ಬ್ಯಾಡ್ಜಿನ ತಿರುಪು ಇದ್ದ ಜಾಗ. ಎರಡನೆಯದು ಫೈರ್‌ವಾಲ್ ನೆಲದ ತಗಡನ್ನು ಮತ್ತು ಗೇರ್‌ಬಾಕ್ಸಿನ ಸುರಂಗವನ್ನು ಸೇರುವ ಮೂಲೆ. ಮೂರು ತಗಡುಗಳು ಒಂದೆಡೆ ಕೂಡುವಲ್ಲಿ ಮುಕ್ಕೋನದ ಸಣ್ಣ ಕಿಂಡಿ ಉಳಿದೇ ಉಳಿಯುತ್ತದೆ. ಮೂರನೆಯದು ತಂತಿಗಳ ಕಟ್ಟು ಹಾಯುವ ತೂತು. ತೂತಿನ ಅಂಚಿಗೆ ಹಾಕುವ ರಬ್ಬರಿನ ಬಳೆ, ಅಂದರೆ ಗ್ರಾಮೆಟ್, ತಂತಿಗಳ ಸುತ್ತ ಬಿಗಿಯಾಗಿ ಕುಳಿತಂತೆ ಕಂಡರೂ, ಏಳೆಂಟು ತಂತಿಗಳ ನಡುವಿನ ಸಂದುಗಳಿಂದ ಬೆಳಕು ನಕ್ಷತ್ರದ ಆಕಾರದಲ್ಲಿ ಬರುತ್ತದೆ.

3 ಮಿಲಿಮೀಟರಿಗಿಂತ ಅಗಲವಾದ ಸಂದಿಗೆ ತಗಡಿನ ತೇಪೆ, ಅದಕ್ಕಿಂತ ಕಿರಿದಾದುದಕ್ಕೆ ಸೀಲಂಟ್ (ಸಂದು ಮುಚ್ಚಲು ಮೆತ್ತುವ ಅಂಟು) ಎಂಬ ಲೆಕ್ಕವನ್ನು ನಾನು ಇಟ್ಟುಕೊಂಡಿದ್ದೇನೆ. ಇದು ಯಾವ ನಿಯಮಪುಸ್ತಕದ ಮಾತೂ ಅಲ್ಲ, ಆದರೆ ಅಗಲವಾದ ತೂತಿಗೆ ಸೀಲಂಟ್ ಮೆತ್ತಿದರೆ ಅದು ಮೊದಲ ಕಾವಿಗೇ ಕಳಚಿ ಬೀಳುತ್ತದೆ. ತೇಪೆಯ ತಗಡು ಗೋಡೆಯ ತಗಡಿಗಿಂತ ತೆಳುವಾಗಿರಬಾರದು. ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎ ಉಕ್ಕಿಗೆ 0.024 ಇಂಚು, ಅಲ್ಯೂಮಿನಿಯಮ್‌ಗೆ 0.032 ಇಂಚು ದಪ್ಪವನ್ನು, ಅಂದರೆ ಸುಮಾರು 0.6 ಮತ್ತು 0.8 ಮಿಲಿಮೀಟರನ್ನು, ಕನಿಷ್ಠವೆಂದು ಹೇಳುತ್ತದೆ. ನೀವು ಓಡುವ ಬಯಲಿನ ಸಂಸ್ಥೆಯ ಆ ವರ್ಷದ ನಿಯಮಪುಸ್ತಕ ಏನು ಹೇಳುತ್ತದೋ ಅದೇ ನಿಮಗೆ ಅಂತಿಮ. ಅಲ್ಯೂಮಿನಿಯಮ್ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಉರಿಯುವ ಪೆಟ್ರೋಲಿನ ಜ್ವಾಲೆ ಅದನ್ನು ಸುಲಭವಾಗಿ ದಾಟುತ್ತದೆ. ಹೀಗಾಗಿ ಆಯ್ಕೆ ನನ್ನದಾದರೆ ನಾನು ತುಕ್ಕು ಹಿಡಿಯದ ಉಕ್ಕನ್ನೇ ಆರಿಸುತ್ತೇನೆ, ರಿವೆಟ್ಟುಗಳನ್ನೂ ಉಕ್ಕಿನವನ್ನೇ ಹಾಕುತ್ತೇನೆ. ಉಕ್ಕಿನ ತೇಪೆಯನ್ನು ಅಲ್ಯೂಮಿನಿಯಮ್ ರಿವೆಟ್ಟಿನಿಂದ ಹಿಡಿಸಿದರೆ ಬೆಂಕಿಯಲ್ಲಿ ಮೊದಲು ಕರಗುವುದು ರಿವೆಟ್ಟು, ಆಮೇಲೆ ತೇಪೆ ತಾನಾಗಿ ಜಾರುತ್ತದೆ.

ಲಕ್ಷಣ: ಓಟದ ನಂತರ ಡ್ಯಾಶ್‌ಬೋರ್ಡಿನ ಹಿಂದೆ ಬಿಳಿ ಗೆರೆಗಳು

ಇದು ಬಯಲೇ ನಿಮಗೆ ಬರೆದುಕೊಟ್ಟ ನಕ್ಷೆ, ಒರೆಸುವ ಮುನ್ನ ಫೋಟೋ ತೆಗೆದುಕೊಳ್ಳಿ. ಬಾನ್‌ವಿಲ್‌ನಲ್ಲಿ ಒದ್ದೆ ಉಪ್ಪು, ಎಲ್ ಮಿರಾಜ್‌ನಲ್ಲಿ ಹಿಟ್ಟಿನಂಥ ನುಣುಪಾದ ಜೇಡಿಮಣ್ಣಿನ ಧೂಳು ಸಂದಿನಿಂದ ಒಳನುಗ್ಗಿ ಎದುರಿನ ಮೇಲ್ಮೈಗೆ ಅಂಟುತ್ತದೆ. ಗೆರೆ ಬೀಸಣಿಗೆಯಂತೆ ಹರಡಿದ್ದರೆ ಅದರ ಕಿರಿದಾದ ತುದಿಯಲ್ಲಿ ಸಂದು ಇದೆ. ಗೆರೆಯೇ ಇಲ್ಲದೆ ಇಡೀ ಮೂಲೆ ಸಮನಾಗಿ ಮಸುಕಾಗಿದ್ದರೆ ಗಾಳಿ ಬಂದದ್ದು ಫೈರ್‌ವಾಲ್‌ನಿಂದಲ್ಲ, ನೆಲದ ಕೆಳಗಿನಿಂದಲೋ ಬಾಗಿಲಿನ ಅಂಚಿನಿಂದಲೋ ಇರಬಹುದು. ಚಕ್ರದ ಗೂಡಿನ ಬದಿಯನ್ನು ಮೊದಲು ನೋಡಬೇಕು.

ರಿವೆಟ್ಟುಗಳ ಸುತ್ತ ಬಿಳಿ ಪುಡಿ ಕಂಡಾಗ ಒಂದು ಗೊಂದಲ ಬರುತ್ತದೆ. ಅದು ಹೊರಗಿನಿಂದ ಬಂದ ಉಪ್ಪೋ, ಅಲ್ಯೂಮಿನಿಯಮ್ ತಗಡೇ ತಿಂದುಹೋಗಿ ಉಂಟಾದ ಪುಡಿಯೋ? ಒಂದು ಹನಿ ಶುದ್ಧ ನೀರನ್ನು ಅದರ ಮೇಲೆ ಬಿಟ್ಟು ಬೆರಳಿನಿಂದ ತಿಕ್ಕಿ ನೋಡಿ. ಉಪ್ಪಾದರೆ ಕರಗಿ ಮಾಯವಾಗುತ್ತದೆ. ಕರಗದೆ ಮೆತ್ತಗಿನ ಬೂದಿಯಂತೆ ಬೆರಳಿಗೆ ಅಂಟಿದರೆ ಅದು ಲೋಹ ಕೆಟ್ಟ ಗುರುತು. ಉಪ್ಪುನೀರು ತಾಗಿದಲ್ಲಿ ಅಲ್ಯೂಮಿನಿಯಮ್ ತಗಡೂ ಉಕ್ಕಿನ ತಿರುಪೂ ಒಂದಕ್ಕೊಂದು ಅಂಟಿಕೊಂಡಿದ್ದರೆ ಅವು ಸಣ್ಣ ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಮ್ ಸವೆಯುತ್ತದೆ. ತೂತು ಹಿಗ್ಗಿ, ಬಿಗಿಯಾಗಿದ್ದ ರಿವೆಟ್ಟು ಬೆರಳಿನಿಂದ ತಿರುಗುವಷ್ಟು ಸಡಿಲವಾಗುತ್ತದೆ. ಅಂಥ ಕಡೆ ಸೀಲಂಟ್ ಮೆತ್ತುವುದು ಹುಳುಕು ಹಲ್ಲಿಗೆ ಬಣ್ಣ ಬಳಿದಂತೆ. ರಿವೆಟ್ಟನ್ನು ಕೊರೆದು ತೆಗೆದು, ಸವೆದ ಭಾಗವನ್ನು ಕತ್ತರಿಸಿ, ಆರೋಗ್ಯವಾದ ಲೋಹ ಸಿಗುವವರೆಗೆ ಹೋಗಿ, ಎರಡು ಲೋಹಗಳ ನಡುವೆ ಪ್ರೈಮರ್ ಹಾಕಿ ಹೊಸದಾಗಿ ಕೂಡಿಸಬೇಕು.

ಲಕ್ಷಣ: ಚಾಲಕನಿಗೆ ವಾಸನೆ ಬರುತ್ತದೆ

ಯಾವ ವಾಸನೆ, ಯಾವಾಗ ಎಂಬ ಎರಡು ಪ್ರಶ್ನೆಗಳನ್ನು ಚಾಲಕ ಹೆಲ್ಮೆಟ್ ತೆಗೆದ ತಕ್ಷಣ ಕೇಳಿ ಬರೆದಿಟ್ಟುಕೊಳ್ಳಬೇಕು, ಅರ್ಧ ಗಂಟೆ ಕಳೆದರೆ ನೆನಪು ಬೆರೆತುಹೋಗುತ್ತದೆ. ಸಿಹಿ ಬೆರೆತ ಬಿಸಿ ವಾಸನೆ ಕೂಲಂಟಿನದು. ಸುಟ್ಟ ಎಣ್ಣೆಯ ಕಮಟು ವಾಸನೆ ವಾಲ್ವ್ ಕವರಿನಿಂದಲೋ ಬ್ರೀದರ್ ಕೊಳವೆಯಿಂದಲೋ ಸೋರಿದ ಎಣ್ಣೆ ಹೆಡರ್ (ಎಂಜಿನ್ನಿನಿಂದ ಸುಡುಹೊಗೆ ಹೊರಬರುವ ಕೊಳವೆಗಳ ಗುಂಪು) ಮೇಲೆ ಬಿದ್ದಿರುವುದನ್ನು ಹೇಳುತ್ತದೆ. ಹಸಿ ಪೆಟ್ರೋಲಿನ ವಾಸನೆಗೆ ಮಾತ್ರ ಪ್ರಶ್ನೆ ಕೇಳುತ್ತ ಕೂರಬಾರದು. ಆ ದಿನದ ಓಟ ಅಲ್ಲಿಗೆ ಮುಗಿಯಿತೆಂದು ತಿಳಿದು, ಸೋರಿಕೆ ಸಿಗುವವರೆಗೆ ಎಂಜಿನ್ ಚಾಲೂ ಮಾಡಬಾರದು.

ಇಲ್ಲಿ ಎರಡು ದೋಷಗಳು ಬೆರೆತಿರುತ್ತವೆ. ವಾಸನೆ ಹುಟ್ಟುವ ಜಾಗ ಒಂದು ದೋಷ, ಅದು ಗೋಡೆ ದಾಟಿ ಬರುವ ದಾರಿ ಇನ್ನೊಂದು. ಕ್ಲ್ಯಾಂಪ್ ಬಿಗಿ ಮಾಡಿದ ಮೇಲೆ ವಾಸನೆ ನಿಂತಿತೆಂದು ಸಂದನ್ನು ಹಾಗೇ ಬಿಟ್ಟವರು, ಸಂದು ಮುಚ್ಚಿದೆವೆಂದು ಎಣ್ಣೆಯ ಸೋರಿಕೆಯನ್ನು ಮರೆತವರು, ಇಬ್ಬರೂ ಅರ್ಧ ಕೆಲಸ ಮಾಡಿದವರೇ.

ವಾಸನೆ ಓಟದ ಮೊದಲ ಅರ್ಧ ನಿಮಿಷದಲ್ಲಿ ಮಾತ್ರ ಬಂದು ಆಮೇಲೆ ಹೋಯಿತು ಎಂದರೆ ಫೈರ್‌ವಾಲ್ ಬಿಚ್ಚುವ ಅವಸರ ಬೇಡ. ಎತ್ತರದ ಗೇರಿನ ಬಹಳಷ್ಟು ಕಾರುಗಳನ್ನು ಹಿಂದಿನಿಂದ ಟ್ರಕ್ಕೊಂದು ದೂಡಿ ವೇಗ ಹಿಡಿಸುತ್ತದೆ, ಆ ಟ್ರಕ್ಕಿನ ಹೊಗೆಯೇ ಕೋಣೆಗೆ ಬಂದಿರಬಹುದು. ಸಾಲಿನಲ್ಲಿ ಕಾಯುವಾಗ ಮುಂದಿನ ಕಾರಿನ ಹೊಗೆ ಬರುವುದೂ ಹೀಗೆಯೇ. ನಾನು ಕೈಜೋಡಿಸಿದ ಒಂದು ರೋಡ್‌ಸ್ಟರಿನಲ್ಲಿ ನಾವು ಎರಡು ಸಂಜೆ ಗೋಡೆಯ ತುಂಬ ಸಂದು ಹುಡುಕಿ, ಕೊನೆಗೆ ಚಾಲಕನಿಗೆ ಉಸಿರಾಟದ ಗಾಳಿ ತರುವ ಕೊಳವೆಯ ಬಾಯಿ ನಮ್ಮದೇ ಎಕ್ಸಾಸ್ಟ್ ಪೈಪಿನ ಹಿಂದೆ ಒಂದು ಗೇಣು ದೂರದಲ್ಲಿರುವುದನ್ನು ಕಂಡೆವು. ಹಾಗೆ ಇಟ್ಟವರಲ್ಲಿ ನಾನೂ ಒಬ್ಬ.

ಲಕ್ಷಣ: ಪಾದ ಮತ್ತು ಮೊಣಕಾಲು ಸುಡುತ್ತದೆ

ಬಿಸಿ ಬಂದ ಕಡೆಯೆಲ್ಲ ಸಂದು ಇರಬೇಕೆಂದಿಲ್ಲ. ಹೆಡರ್ ಹತ್ತಿರವಿದ್ದರೆ ತೂತಿಲ್ಲದ ತಗಡೂ ಕಾದು ಒಳಗೆ ಶಾಖ ಸೂಸುತ್ತದೆ. ವ್ಯತ್ಯಾಸ ತಿಳಿಯಲು ಫೈರ್‌ವಾಲ್‌ನ ಒಳಬದಿಯಲ್ಲಿ ಅಂಗೈಯಷ್ಟು ಅಂತರಕ್ಕೊಂದು ನೂಲಿನ ತುಂಡನ್ನು ಟೇಪಿನಿಂದ ಅಂಟಿಸಿ, ಅದಕ್ಕೆ ಎದುರಾಗಿ ಒಂದು ಸಣ್ಣ ಕ್ಯಾಮೆರಾ ಕೂಡಿಸಿ ಓಡಿ. ನೂಲು ಅಲುಗದೆ ತಗಡು ಮಾತ್ರ ಕಾದಿದ್ದರೆ ಅದು ಸೂಸುವ ಶಾಖ. ಹೆಡರ್‌ಗೂ ಗೋಡೆಗೂ ನಡುವೆ ಬೆರಳಿನ ಅಂತರ ಬಿಟ್ಟು ಇನ್ನೊಂದು ತಗಡಿನ ಮರೆ ಕಟ್ಟಿದರೆ ಬಹುಪಾಲು ಇಳಿಯುತ್ತದೆ. ನೂಲು ನೇರವಾಗಿ ನಿಂತು ಪಟಪಟಿಸಿದರೆ ಅಲ್ಲಿ ಗಾಳಿ ಬರುತ್ತಿದೆ. ಕ್ಯಾಮೆರಾವನ್ನೂ ಅದರ ತಂತಿಯನ್ನೂ ಭದ್ರವಾಗಿ ತಿರುಪು ಹಾಕಿ ಕೂಡಿಸಿದ ಮೇಲೆ, ಅದಕ್ಕೆ ತಪಾಸಕರ ಒಪ್ಪಿಗೆ ಪಡೆದೇ ಓಡಬೇಕು; ಸಡಿಲ ವಸ್ತು ಪೆಡಲ್ ಕೆಳಗೆ ಉರುಳುವ ಅಪಾಯ ಸಂದಿನ ಅಪಾಯಕ್ಕಿಂತ ಕಡಿಮೆಯದಲ್ಲ.

ಬಿಸಿ ಬಲಗಾಲಿಗೆ ಮಾತ್ರ ಎಂದರೆ ಆಕ್ಸಿಲರೇಟರ್ ಕೇಬಲ್ಲಿನ ತೂತನ್ನೂ ಗೇರ್‌ಬಾಕ್ಸ್ ಸುರಂಗದ ಚಾಲಕನ ಬದಿಯ ಅಂಚನ್ನೂ ಮೊದಲು ನೋಡಬೇಕು. ಶಾಖದ ಸಂಗತಿ ಇಷ್ಟೇ.

ಲಕ್ಷಣ: ಗ್ಯಾರೇಜಿನಲ್ಲಿ ಎಲ್ಲ ಸರಿ, ವೇಗ ಏರಿದಾಗ ಮಾತ್ರ ಹೊಗೆ ಅಥವಾ ಸಿಳ್ಳೆ

ಟಾರ್ಚಿಗೆ ಸಿಗದ ಸಂದುಗಳಿವೆ. ಬೆಳಕು ನೇರವಾಗಿ ಹೋಗುತ್ತದೆ, ಗಾಳಿ ತಿರುವು ದಾಟಿ ಬರುತ್ತದೆ. ಒಂದರ ಮೇಲೊಂದು ಮಡಿಸಿದ ತಗಡುಗಳ ನಡುವಿನ ದಾರಿ ಕಣ್ಣಿಗೆ ಕಾಣುವುದಿಲ್ಲ, ಆದುದರಿಂದ ಇಲ್ಲಿ ಬಯಲಿನ ಒತ್ತಡವನ್ನೇ ಗ್ಯಾರೇಜಿಗೆ ತರಬೇಕು.

ಮರದ ಕೆಳಗಿನ ಒಣ ಎಲೆಗಳನ್ನು ಊದುವ ವಿದ್ಯುತ್ ಬ್ಲೋವರ್ ಒಂದಿದ್ದರೆ ಸಾಕು. ಚಾಲಕನ ಕೋಣೆಯ ಕಿಟಕಿ ಮತ್ತು ಮೇಲ್ಭಾಗವನ್ನು ದಪ್ಪ ಪ್ಲಾಸ್ಟಿಕ್ ಹಾಳೆ ಮತ್ತು ಪೇಂಟರುಗಳ ಟೇಪಿನಿಂದ ಮುಚ್ಚಿ, ಹಾಳೆಯಲ್ಲಿ ಒಂದು ತೂತು ಮಾಡಿ ಬ್ಲೋವರಿನ ಮೂತಿಯನ್ನು ತೂರಿಸಿ ಕಡಿಮೆ ವೇಗದಲ್ಲಿ ಊದಬೇಕು. ಎಂಜಿನ್ ಬದಿಯಲ್ಲಿ ನಿಂತವರು ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್ಷಿನಿಂದ ಪ್ರತಿ ಅಂಚಿಗೂ, ಪ್ರತಿ ರಿವೆಟ್ಟಿಗೂ ಸವರುತ್ತ ಹೋಗಬೇಕು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ: ದೊಡ್ಡ ಸಂದು ನೊರೆಯನ್ನು ಚಿಮ್ಮಿ ಒಣಗಿಸಿಬಿಡುತ್ತದೆ, ಸಣ್ಣದು ಸಾಸಿವೆಯಷ್ಟು ಗುಳ್ಳೆಗಳ ಸಾಲನ್ನು ಕಟ್ಟುತ್ತದೆ. ಸಾಸಿವೆ ಗುಳ್ಳೆ ಕಂಡ ಜಾಗಕ್ಕೆ ಸೀಲಂಟ್ ಸಾಕು. ನೊರೆ ನಿಲ್ಲದ ಜಾಗಕ್ಕೆ ತಗಡು ಬೇಕು. ಈ ಪರೀಕ್ಷೆಯ ಹೊತ್ತಿನಲ್ಲಿ ಯಾರೂ ಕಾರಿನೊಳಗೆ ಕೂರಬಾರದು.

ಗಾಳಿಯ ದಾರಿ ನೋಡಲು ನಮ್ಮವರಿಗೆ ಮೊದಲು ನೆನಪಾಗುವುದು ಊದುಬತ್ತಿ, ನನಗೂ ಅದೇ ನೆನಪಾಗಿತ್ತು. ಇಂಧನದ ಕೊಳವೆಗಳಿರುವ ಜಾಗಕ್ಕೆ ಕೆಂಡವನ್ನು ಒಯ್ಯುವುದು ಟ್ಯಾಂಕು ಖಾಲಿಯಿದ್ದರೂ ತಪ್ಪು, ಏಕೆಂದರೆ ಖಾಲಿ ಟ್ಯಾಂಕಿನಲ್ಲಿ ಉಳಿದಿರುವುದು ಆವಿ. ನಾಟಕದ ರಂಗಕ್ಕೆ ಬಳಸುವ ಹೊಗೆಯಂತ್ರ ಬಾಡಿಗೆಗೆ ಸಿಗುತ್ತದೆ. ಕಾದ ಭಾಗವಿರುವ ಆ ಯಂತ್ರವನ್ನು ಕಾರಿನಿಂದ ದೂರವಿಟ್ಟು ಕೊಳವೆಯ ಮೂಲಕ ಹೊಗೆಯನ್ನು ಮಾತ್ರ ಕೋಣೆಗೆ ಹಾಯಿಸಬಹುದು.

ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವ, ಎಲ್ಲರೂ ಮರೆಯುವ ಒಂದು ದಾರಿಯೆಂದರೆ ಚಾಸಿಯ ಟೊಳ್ಳು ಕೊಳವೆ. ಎಂಜಿನ್ ಗೂಡಿನಲ್ಲಿ ತೆರೆದ ತುದಿಯಿರುವ ಚೌಕ ಕೊಳವೆಯೊಂದು ಫೈರ್‌ವಾಲ್ ದಾಟಿ ಬಂದು, ಆಸನದ ಬಳಿ ಬೋಲ್ಟಿಗೆಂದು ಕೊರೆದ ತೂತಿನಲ್ಲಿ ಕೊನೆಗೊಂಡಿರುತ್ತದೆ. ಕೊಳವೆಯ ಸುತ್ತ ಎಷ್ಟು ಸೀಲಂಟ್ ಬಳಿದರೂ ಒಳಗಿನ ದಾರಿ ತೆರೆದೇ ಇರುತ್ತದೆ. ತುದಿಗೆ ಉಕ್ಕಿನ ಮುಚ್ಚಳ ಬೆಸೆಯುವುದೊಂದೇ ಉಪಾಯ.

ಹೊಗೆ ಮೇಲಿನಿಂದ, ಗಾಜಿನ ಬುಡದಿಂದ ಬಂದಿತು ಎಂದು ಚಾಲಕ ಹೇಳಿದರೆ ಬಾನೆಟ್ಟಿನ ಹಿಂದಿನ ಅಂಚನ್ನು ನೋಡಬೇಕು. ಹಿಡಿಕೆಗಳ ನಡುವೆ ತಗಡು ಮೇಲೆದ್ದು ಗೂಡಿನ ಗಾಳಿ ನೇರವಾಗಿ ಗಾಜಿನ ಕಡೆಗೆ ಬರುತ್ತಿರಬಹುದು. ಒಂದು ಹೆಚ್ಚುವರಿ ಹಿಡಿಕೆ ಹಾಕಿ ನೋಡುವುದು ಅಗ್ಗದ ಪರೀಕ್ಷೆ.

ಲಕ್ಷಣ: ಹಾಕಿದ ಸೀಲಂಟ್ ಮತ್ತೆ ಮತ್ತೆ ಬಿಡುತ್ತದೆ

ಒಂದೇ ಜಾಗದಲ್ಲಿ ಎರಡು ಸಲ ಬಿರುಕು ಬಂದರೆ ಸೀಲಂಟನ್ನು ಬೈಯುವುದನ್ನು ನಿಲ್ಲಿಸಿ ತಗಡನ್ನು ನೋಡಬೇಕು. ಮೇಲೆ ಹೇಳಿದ 1 ಕಿಲೋಪಾಸ್ಕಲ್ ಒತ್ತಡ ಅರ್ಧ ಚದರ ಮೀಟರಿನ ಫೈರ್‌ವಾಲ್ ಮೇಲೆ ಬಿದ್ದರೆ ಸುಮಾರು 50 ಕಿಲೋ ತೂಕದ ಅಕ್ಕಿಮೂಟೆಯನ್ನು ಒರಗಿಸಿದಷ್ಟು ತಳ್ಳು ಬರುತ್ತದೆ. ತೆಳು ತಗಡು ಒಳಕ್ಕೆ ಉಬ್ಬಿ, ವೇಗ ಇಳಿದಾಗ ಹಿಂದಕ್ಕೆ ಬರುತ್ತದೆ. ಅಂಚಿನ ಸೀಲಂಟ್ ಪ್ರತಿ ಓಟಕ್ಕೂ ಹರಿಯುತ್ತದೆ. ಗೋಡೆಯ ನಡುವೆ ಅಂಗೈಯಿಂದ ಒತ್ತಿದಾಗ ಡಬ್ಬದಂತೆ ಟಕ್ಕೆಂದು ಸದ್ದಾದರೆ ಅಲ್ಲಿ ಅಡ್ಡಪಟ್ಟಿ ಬೇಕು, ಅಥವಾ ತಗಡಿಗೆ ಮಡಿಕೆ ಒತ್ತಿ ಬಿಗಿತ ತರಬೇಕು. ಪೆಡಲ್‌ಗಳನ್ನು ಫೈರ್‌ವಾಲ್‌ಗೇ ಕೂಡಿಸಿದ್ದರೆ ಒಬ್ಬರು ಬ್ರೇಕನ್ನು ಬಲವಾಗಿ ತುಳಿಯಲಿ, ಇನ್ನೊಬ್ಬರು ಆಚೆ ಬದಿಯಿಂದ ಬೆರಳಿಟ್ಟು ನೋಡಲಿ. ತಗಡು ಅಲುಗಿದರೆ ಆ ಭಾರವನ್ನು ಚಾಸಿಯ ಕೊಳವೆಗೆ ದಾಟಿಸುವ ಆಧಾರ ಬೆಸೆಯುವವರೆಗೆ ಯಾವ ಸೀಲಂಟೂ ನಿಲ್ಲುವುದಿಲ್ಲ.

ತಗಡು ಬಿಗಿಯಾಗಿದ್ದೂ ಸೀಲಂಟ್ ಸಿಪ್ಪೆಯಂತೆ ಎದ್ದು ಬಂದರೆ ಕೆಳಗೆ ಎಣ್ಣೆಯ ಪಸೆಯೋ ಉಪ್ಪಿನ ಪದರವೋ ಉಳಿದಿತ್ತೆಂದು ಅರ್ಥ. ಮೊದಲು ಸಿಹಿನೀರಿನಿಂದ ತೊಳೆದು, ಒಣಗಿಸಿ, ಕೆರೆದು, ಆಮೇಲೆ ಅಸಿಟೋನಿನಿಂದ ಒರೆಸಬೇಕು. ಒರೆಸಿದ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಒರೆಸುವುದು ನಿಲ್ಲಬಾರದು. ಅಸಿಟೋನ್ ಬೇಗ ಹತ್ತಿಕೊಳ್ಳುವ ದ್ರವ ಎಂಬುದು ನೆನಪಿರಲಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಜಾಗದಲ್ಲಂತೂ ಎಂದಿಗೂ ಬೆಸುಗೆ ಹಾಕಬಾರದು, ಅದರ ಶೇಷ ಬೆಸುಗೆಯ ಶಾಖಕ್ಕೂ ಬೆಳಕಿಗೂ ಒಡೆದು ಫಾಸ್ಜೀನ್ ಎಂಬ ಕೊಲ್ಲುವ ಅನಿಲವಾಗುತ್ತದೆ.

ಮೂರನೆಯ ಕಾರಣ ಮರುಭೂಮಿಗೇ ವಿಶಿಷ್ಟವಾದುದು. ಟ್ಯೂಬಿನಿಂದ ಹಿಂಡುವ ಆರ್‌ಟಿವಿ ಸಿಲಿಕೋನ್ ಗಟ್ಟಿಯಾಗುವುದು ಒಣಗುವುದರಿಂದಲ್ಲ, ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ. ಒಣಹವೆಯಲ್ಲಿ ಅದು ಹೊರಗೆ ತೊಗಲು ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬೆಳಿಗ್ಗೆ ಬಯಲಿನಲ್ಲಿ ಬಳಿದು ಮಧ್ಯಾಹ್ನ ಓಡುವೆ ಎಂಬುದು ಅದಕ್ಕೇ ಕೈಕೊಡುತ್ತದೆ. ಗ್ಯಾರೇಜಿನಲ್ಲೇ ಬಳಿದು ಪೂರ್ತಿ ಒಂದು ದಿನ, ದಪ್ಪವಾಗಿದ್ದರೆ ಎರಡು ದಿನ ಬಿಡಬೇಕು. ವಿನೆಗರಿನ ವಾಸನೆಯ ಸಿಲಿಕೋನ್ ಲೋಹಕ್ಕೆ ಒಳ್ಳೆಯದಲ್ಲ, ವಾಸನೆಯಿಲ್ಲದ ಬಗೆಯನ್ನು ಕೊಳ್ಳಬೇಕು.

ಸಾಮಗ್ರಿಯ ಆಯ್ಕೆಯಲ್ಲಿ ನನ್ನ ಮಾತು ಕಟುವಾಗಿದ್ದರೂ ಇರಲಿ. ಡಬ್ಬಿಯಿಂದ ಉಬ್ಬಿ ಬರುವ ಪಾಲಿಯುರೆಥೇನ್ ಫೋಮ್ ಫೈರ್‌ವಾಲ್‌ನ ಹತ್ತಿರವೂ ಬರಬಾರದು: ಅದು ಉರಿಯುತ್ತದೆ, ಉರಿಯುವಾಗ ಹೈಡ್ರೋಜನ್ ಸಯನೈಡ್ ಬಿಡುತ್ತದೆ. ಅಲ್ಯೂಮಿನಿಯಮ್ ಹಾಳೆಯ ಟೇಪು ನೋಡಲು ಲೋಹ, ಹಿಡಿದಿರುವುದು ಅಂಟು. ಬಿಸಿಗೆ ಅಂಟು ಬಿಟ್ಟರೆ ಟೇಪು ಬಾಳೆಸಿಪ್ಪೆಯಂತೆ ಜಾರುತ್ತದೆ. ಶಾಖ ತಡೆಯುವ ಕೆಂಪು ಸಿಲಿಕೋನ್ ಸಾಮಾನ್ಯವಾಗಿ 260 ಡಿಗ್ರಿಯ ಆಸುಪಾಸಿನವರೆಗೆ ಬಾಳುತ್ತದೆ. ಹೊಗೆ, ವಾಸನೆ, ಧೂಳಿಗೆ ಅದು ಒಳ್ಳೆಯದು, ನೇರ ಜ್ವಾಲೆಗೆ ಅಲ್ಲ. ಜ್ವಾಲೆಗೆ ಎದುರಾಗುವ ಎಂಜಿನ್ ಬದಿಯ ಸಂದುಗಳಿಗೆ, ಕಾದಾಗ ತಾನೇ ಉಬ್ಬಿ ಕರಿಕಾದ ಗಟ್ಟಿ ಮುಚ್ಚಳವಾಗುವ ಬೆಂಕಿನಿರೋಧಕ ಸೀಲಂಟ್ ಸರಿಯಾದುದು.

ತಂತಿ, ಕೊಳವೆ, ಸ್ಟೀರಿಂಗ್ ದಂಡ ಹಾಯುವಲ್ಲಿ ಮನೆಯಲ್ಲಿ ಸಣ್ಣ ವಿಮಾನ ಕಟ್ಟುವವರಿಂದ ಕಲಿಯುವುದಿದೆ. ವಿಮಾನದ ಲೆಕ್ಕದಲ್ಲಿ ಬೆಂಕಿಗೆ ಪೂರ್ತಿ ಜಗ್ಗದ ವಸ್ತುವೆಂದರೆ ಸುಮಾರು 1,093 ಡಿಗ್ರಿಯ ಜ್ವಾಲೆಯನ್ನು 15 ನಿಮಿಷ ತಡೆಯುವಂಥದು. ಅವರು ತಂತಿಯ ಕಟ್ಟನ್ನು ರಬ್ಬರ್ ಗ್ರಾಮೆಟ್ಟಿಗೆ ಒಪ್ಪಿಸುವುದಿಲ್ಲ; ಚಾಚುಪಟ್ಟಿಯಿರುವ ಉಕ್ಕಿನ ಮೊಟಕು ಕೊಳವೆಯನ್ನು ಗೋಡೆಗೆ ರಿವೆಟ್ ಮಾಡಿ, ತಂತಿಯನ್ನು ಅದರೊಳಗೆ ಹಾಯಿಸಿ, ಒಳಗೆ ಉಬ್ಬುವ ಸೀಲಂಟ್ ತುಂಬಿ, ಮೇಲೆ ಬೆಂಕಿನಿರೋಧಕ ತೋಳು ಎಳೆದು ಉಕ್ಕಿನ ಕ್ಲ್ಯಾಂಪಿನಿಂದ ಬಿಗಿಯುತ್ತಾರೆ. ಇಂಧನ ಮತ್ತು ಎಣ್ಣೆಯ ಕೊಳವೆ ಗೋಡೆ ದಾಟಲೇಬೇಕಾದರೆ ತೂತಿನಲ್ಲಿ ತೂರಿಸುವ ಬದಲು ಗೋಡೆಗೇ ನಟ್ಟಿನಿಂದ ಕೂಡುವ ಉಕ್ಕಿನ ಫಿಟಿಂಗ್ ಹಾಕಬೇಕು. ಸ್ಟೀರಿಂಗ್ ದಂಡ ತಿರುಗುವ ವಸ್ತುವಾದುದರಿಂದ ಅದರ ಸುತ್ತ ಎರಡು ಅರ್ಧಚಂದ್ರದ ತಗಡುಗಳನ್ನು ಕೂಡಿಸಿ ನಡುವೆ ಸೆರಾಮಿಕ್ ನಾರಿನ ಪಟ್ಟಿ ಇಡಬಹುದು. ಇಟ್ಟ ಮೇಲೆ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಎಲ್ಲಿಯೂ ಹಿಡಿಯುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಂಡ ಹೊರತು ಕಾರನ್ನು ಕೆಳಗಿಳಿಸಬಾರದು.

ಲಕ್ಷಣ: ಓಟದ ನಂತರ ಚಾಲಕನಿಗೆ ತಲೆನೋವು, ಮಂಪರು, ವಾಕರಿಕೆ

ಇಲ್ಲಿ ಹುಡುಕಾಟ ನಿಲ್ಲಿಸಿ ಮೊದಲು ಚಾಲಕನನ್ನು ತೆರೆದ ಗಾಳಿಗೆ ಕರೆತಂದು, ಬಯಲಿನಲ್ಲಿರುವ ವೈದ್ಯಕೀಯ ತಂಡವನ್ನು ಕರೆಯಬೇಕು. ಬಿಸಿಲಿನ ಬಾಧೆಯೂ ಹೀಗೆಯೇ ಕಾಣುತ್ತದೆ, ಕಾರ್ಬನ್ ಮೊನಾಕ್ಸೈಡ್ ಕೂಡ; ಯಾವುದೆಂದು ನೀವು ಊಹಿಸುತ್ತ ಕೂರುವಂತಿಲ್ಲ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟುತ್ತದೆ. ಓಟ ಒಂದೆರಡು ನಿಮಿಷದ್ದಾದರೂ ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟು ಕಾಯುವ ಹೊತ್ತು ಅದಕ್ಕಿಂತ ಹೆಚ್ಚು.

ಅಳೆಯಲು ಮನೆಯ ಗೋಡೆಗೆ ಹಾಕುವ ಅಲಾರಮ್ ಸಾಲದು. ಅಮೆರಿಕದ ಮಾನದಂಡದ ಪ್ರಕಾರ ಅದು ಹತ್ತು ಲಕ್ಷದಲ್ಲಿ 70 ಭಾಗಕ್ಕೆ ಕೂಗಲು ಒಂದರಿಂದ ನಾಲ್ಕು ಗಂಟೆ, 400 ಭಾಗಕ್ಕೂ 4ರಿಂದ 15 ನಿಮಿಷ ತೆಗೆದುಕೊಳ್ಳುತ್ತದೆ. ಆ ಕ್ಷಣದ ಅಂಕಿಯನ್ನು ತೋರಿಸುವ, ಕಾರ್ಮಿಕರು ಜೇಬಿಗೆ ಸಿಕ್ಕಿಸಿಕೊಳ್ಳುವ ಮೀಟರ್ ಬೇಕು. ಎಂಟು ಗಂಟೆಯ ಕೆಲಸಕ್ಕೆ ಅಮೆರಿಕದಲ್ಲಿ ಸೂಚಿಸಿರುವ ಮಿತಿ 35 ಭಾಗ. ಜೀವಕ್ಕೇ ತಕ್ಷಣದ ಅಪಾಯ ಎನ್ನುವ ಮಟ್ಟ 1,200. ನಿಂತ ಕಾರಿನಲ್ಲಿ, ತೆರೆದ ಬಯಲಿನಲ್ಲಿ, ಐದು ನಿಮಿಷ ಎಂಜಿನ್ ಓಡಿದಾಗ ಮೀಟರ್ 35 ದಾಟಿದರೆ ಆ ಕಾರು ಅಂದು ಸಾಲಿಗೆ ಹೋಗಬಾರದು. ಮುಚ್ಚಿದ ಗ್ಯಾರೇಜಿನಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಮಾಡಬೇಡಿ.

ಎಂಜಿನ್ ಹಿಂದಿರುವ ಕಾರುಗಳ ಕುರಿತು

ಯುದ್ಧವಿಮಾನದ ಹೆಚ್ಚುವರಿ ಇಂಧನ ಟ್ಯಾಂಕಿನಿಂದ ಬಿಲ್ ಬರ್ಕ್ 1946ರಲ್ಲಿ ಕಾರು ಕಟ್ಟಿದಾಗಿನಿಂದ ಆ ಬಗೆಯ ಲೇಕ್‌ಸ್ಟರ್‌ಗಳು ಉಪ್ಪಿನ ಬಯಲಿನ ಗುರುತೇ ಆಗಿವೆ. ಹಿಂದೆ ಎಂಜಿನ್ ಇರುವ ಇಂಥ ಕಾರಿನಲ್ಲಿ ಫೈರ್‌ವಾಲ್ ಚಾಲಕನ ಬೆನ್ನಿಗಿರುತ್ತದೆ, ಬೆಂಕಿ ಹತ್ತಿದ್ದು ಅವನಿಗೆ ಕಾಣುವುದಿಲ್ಲ. ಅಲ್ಲಿ ಸಂದು ಸಿಗುವುದು ಹೆಚ್ಚಾಗಿ ದುಂಡು ದೇಹದ ಬಾಗಿದ ತಗಡಿಗೂ ಚಪ್ಪಟೆ ಗೋಡೆಗೂ ನಡುವಿನ ಅಂಚಿನಲ್ಲಿ, ಭುಜದ ಬೆಲ್ಟುಗಳು ಹಿಂದಕ್ಕೆ ಹಾಯುವ ಸೀಳಿನಲ್ಲಿ. ಬೆಲ್ಟಿನ ಸೀಳನ್ನು ಸೀಲಂಟಿನಿಂದ ಮುಚ್ಚಬಾರದು, ಬೆಲ್ಟನ್ನು ಗೋಡೆಯ ಮುಂದೆಯೇ ಕೊಳವೆಗೆ ಸುತ್ತುವಂತೆ ಆಧಾರವನ್ನೇ ಬದಲಿಸಬೇಕು. ಆ ಬೆಸುಗೆ ಚಾಲಕನ ಜೀವ ಹಿಡಿಯುವ ಬೆಸುಗೆ. ಸುರಕ್ಷಾ ಪಂಜರ ಬೆಸೆಯುವ ಅನುಭವವಿರುವವರ ಕೈಗೇ ಕೊಡಬೇಕು.

ಕೈ ಬಿಟ್ಟು ಬೇರೆಯವರನ್ನು ಕರೆಯಬೇಕಾದ ಹೊತ್ತು

ಫೈರ್‌ವಾಲ್ ಚಾಸಿಗೆ ಕೂಡುವಲ್ಲಿ ಕೊಳವೆಯೇ ಬಿರಿದಿದ್ದರೆ, ಒಂದು ಬೆಂಕಿ ಈಗಾಗಲೇ ಆಗಿ ತಗಡು ಬಣ್ಣ ಬದಲಿಸಿದ್ದರೆ ಅಥವಾ ಸೊಟ್ಟಗಾಗಿದ್ದರೆ, ಇಂಧನದ ವಾಸನೆಯ ಮೂಲ ಎರಡು ಸಲ ಹುಡುಕಿಯೂ ಸಿಗದಿದ್ದರೆ ಸಂದು ಮುಚ್ಚುವ ಕೆಲಸ ಅಲ್ಲಿಗೆ ನಿಲ್ಲಲಿ. ತಪಾಸಕರನ್ನು ಬಯಲಿನಲ್ಲಿ ಮೊದಲ ಸಲ ಎದುರಾಗುವ ಬದಲು ಕಾರು ಅರ್ಧ ಕಟ್ಟಿದಾಗಲೇ ಫೋಟೋ ಕಳುಹಿಸಿ ಕೇಳುವುದು ಮೇಲು. ಸಾವಿರ ಮೈಲಿ ಟ್ರೇಲರಿನಲ್ಲಿ ಎಳೆದು ತಂದ ಮೇಲೆ ಇಲ್ಲ ಎನಿಸಿಕೊಳ್ಳುವುದು ಅವರಿಗೂ ಇಷ್ಟವಿಲ್ಲದ ಕೆಲಸ.

ದುರಸ್ತಿಯ ನಂತರ ಟಾರ್ಚಿನ ಪರೀಕ್ಷೆಯನ್ನೂ ಸೋಪಿನ ಪರೀಕ್ಷೆಯನ್ನೂ ಅದೇ ಕ್ರಮದಲ್ಲಿ ಇನ್ನೊಮ್ಮೆ ಮಾಡಿ, ಗೋಡೆಯ ಒಳಬದಿಗೆ ತೆಳುವಾಗಿ ಬಿಳಿ ಬಣ್ಣ ಹೊಡೆದುಬಿಡಿ. ಎಲ್ ಮಿರಾಜ್‌ನ ಕಂದು ಧೂಳು, ಎಣ್ಣೆಯ ಹನಿ, ಹೊಗೆಯ ಮಸಿ ಅದರ ಮೇಲೆ ಮೊದಲ ಓಟಕ್ಕೇ ಕಾಣುತ್ತದೆ. ಬಾನ್‌ವಿಲ್‌ಗೆ ಹೋಗುವವರು ಮಾತ್ರ ಬಿಳಿಯ ಬದಲು ಕಡುಬೂದು ಬಣ್ಣ ಹೊಡೆಯಬೇಕು, ಅಲ್ಲಿ ಒಳಗೆ ಬರುವುದು ಬಿಳಿ ಉಪ್ಪು.